ಕುರಿ ಕಂದು ಹಾಕಿದ ಮನೆಯಲ್ಲಿ ಅಪ್ಪನಿಗೆ ಬಿಡದ ಜ್ವರ

ಪ್ರಶ್ನೆ: ಸರ್, ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. 70 ಕುರಿ, ಐದಾರು ಆಡು, ಎರಡು ಎಮ್ಮೆ ಇವೆ. ದೀಪಾವಳಿ ಹೊತ್ತಿಗೆ ಸಂತೆಯಿಂದ ಒಂದು ಟಗರು, ಎಂಟು ಕುರಿ ತಂದೆವು. ಆಮೇಲಿನ ಮೂರು ತಿಂಗಳಲ್ಲಿ 11 ಕುರಿ ನಾಲ್ಕನೇ ತಿಂಗಳಿಗೇ ಕಂದು ಹಾಕಿದವು. ಸತ್ತ ಮರಿ, ಮಾಸು ಎಲ್ಲ ಅಪ್ಪನೇ ಕೈಯಿಂದ ತೆಗೆದು ಹಳ್ಳಕ್ಕೆ ಎಸೆದರು. ಈಗ ಅಪ್ಪನಿಗೆ ತಿಂಗಳ ಮೇಲಾಯಿತು, ಸಂಜೆಯಾದರೆ ಜ್ವರ, ರಾತ್ರಿ ಮೈಯೆಲ್ಲ ಬೆವರು, ಸೊಂಟ ನೋವು. ಟೈಫಾಯ್ಡ್ ಅಂತ ಎರಡು ಸಲ ಔಷಧಿ ಕೊಟ್ಟರು. ನಾಲ್ಕು ದಿನ ಆರಾಮ, ಮತ್ತೆ ಅದೇ ಕಥೆ. ಇದು ಕುರಿಯಿಂದ ಬಂದದ್ದೇ? ಕಂದು ಹಾಕಿದ ಕುರಿಗಳನ್ನು ಮಾರಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಮಾರಲೇ? ಹೆಂಡತಿ ಐದು ತಿಂಗಳ ಬಸುರಿ, ಕುರಿ ಕೆಲಸ ಅವಳೂ ಮಾಡುತ್ತಾಳೆ. ಅಪ್ಪನಿಂದ ಮಿಕ್ಕವರಿಗೆ ಅಂಟುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದೇವೆ.

ಉತ್ತರ: ಮೊದಲು ನಾಳೆ ಬೆಳಿಗ್ಗೆ ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ತಂದೆಯವರನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತ ಕೂಡಲೇ, ಅವರು ಕೇಳುವ ಮುಂಚೆಯೇ, ಒಂದು ಮಾತು ಹೇಳಿ: "ನಮ್ಮ ಮನೆಯಲ್ಲಿ 11 ಕುರಿ ಕಂದು ಹಾಕಿವೆ, ಇವರು ಬರಿಗೈಯಲ್ಲಿ ಮಾಸು ತೆಗೆದಿದ್ದಾರೆ. ಬ್ರುಸೆಲ್ಲೋಸಿಸ್ ಇರಬಹುದಾ, ಪರೀಕ್ಷೆ ಮಾಡಿಸಿ." ಅಷ್ಟು ಸಾಕು. ನಾವು ಕಂದು ರೋಗ ಅನ್ನುವುದು ಇದನ್ನೇ, ಬ್ರುಸೆಲ್ಲಾ ಅನ್ನುವ ರೋಗಾಣುವಿನಿಂದ ಬರುತ್ತದೆ. ಎರಡನೆಯದು, ಕುರಿ ಮಾರಬೇಡಿ. ಒಂದನ್ನೂ ಸಂತೆಗೆ ಹೊಡೆಯಬೇಡಿ. ಮೂರನೆಯದು, ನಿಮ್ಮ ಹೆಂಡತಿ ಇವತ್ತಿನಿಂದಲೇ ಕುರಿ ದೊಡ್ಡಿಯ ಕಡೆ ಕಾಲಿಡಬಾರದು. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ಮಾತಾಡೋಣ.

ಡಾಕ್ಟರ ಮುಂದೆ ಕುರಿ ಮಾತು ಯಾಕೆ ಎತ್ತಬೇಕು ಅಂತ ಅನಿಸಬಹುದು. ಈ ಕಾಯಿಲೆಗೆ ತನ್ನದೇ ಆದ ಮುಖ ಅಂತಿಲ್ಲ. ಜ್ವರ ಬರುತ್ತದೆ, ಹೋಗುತ್ತದೆ. ಬೆವರು, ಸುಸ್ತು, ಕೀಲು ನೋವು, ಸೊಂಟ ನೋವು, ಊಟ ಸೇರದಿರುವುದು. ಇದು ಟೈಫಾಯ್ಡ್‌ನಂತೆಯೂ ಕಾಣುತ್ತದೆ, ಮಲೇರಿಯಾದಂತೆಯೂ ಕಾಣುತ್ತದೆ. ಬೆನ್ನುಮೂಳೆಗೆ ಇಳಿದರೆ ಎಕ್ಸ್‌ರೇಯಲ್ಲಿ ಥೇಟ್ ಕ್ಷಯದಂತೆ ಕಾಣುತ್ತದೆ. ಟೈಫಾಯ್ಡ್‌ಗೆ ಮಾಡುವ ವಿಡಾಲ್ ಪರೀಕ್ಷೆಯೋ, ನಮ್ಮ ಕಡೆ ಸುಳ್ಳು ಪಾಸಿಟಿವ್ ತೋರಿಸುವುದು ಜಾಸ್ತಿ. ಹಾಗಾಗಿ ಚೀಟಿಯಲ್ಲಿ ಟೈಫಾಯ್ಡ್ ಅಂತ ಬಂದುಬಿಡುತ್ತದೆ. ಕೊಟ್ಟ ಆಂಟಿಬಯೋಟಿಕ್‌ಗೆ ಜ್ವರ ಸ್ವಲ್ಪ ತಗ್ಗುತ್ತದೆ, ರೋಗಾಣು ಸಾಯುವುದಿಲ್ಲ. ಡಾಕ್ಟರದು ಪೂರ್ತಿ ತಪ್ಪು ಅನ್ನಲಾರೆ. ದಿನಕ್ಕೆ ನೂರು ಜ್ವರ ನೋಡುವವರಿಗೆ ಈ ಜ್ವರದ ಹಿಂದೆ ಒಂದು ಕುರಿ ನಿಂತಿದೆ ಅಂತ ಗೊತ್ತಾಗುವುದು ಹೇಗೆ? ನಾವು ಹೇಳಬೇಕು. ಕುರಿಯ ಸಂಗತಿ ದನದ ಡಾಕ್ಟರಿಗೆ, ಮನುಷ್ಯರ ಸಂಗತಿ ಮನುಷ್ಯರ ಡಾಕ್ಟರಿಗೆ ಅಂತ ಹಂಚಿಟ್ಟುಕೊಂಡಿದ್ದೇವಲ್ಲ, ಆ ಸಂದಿಯಲ್ಲೇ ಈ ರೋಗ ತಿಂಗಳುಗಟ್ಟಲೆ ಬಚ್ಚಿಟ್ಟುಕೊಳ್ಳುತ್ತದೆ.

ನನಗೂ ಇದು ಬಂದಿತ್ತು. ಕೆಲಸಕ್ಕೆ ಸೇರಿದ ಹೊಸತು. ರಾತ್ರಿ ಒಂದು ಹಸುವಿನ ಮಾಸು ತೆಗೆಯಬೇಕಿತ್ತು, ಕೈಗವಸು ಮುಗಿದಿದ್ದವು. ಇರಲಿ ಬಿಡು ಅಂತ ಬರಿಗೈ ಹಾಕಿದೆ. ಹೆಬ್ಬೆರಳಿನಲ್ಲಿ ಸಣ್ಣ ಗಾಯ ಇತ್ತು. ಮೂರು ವಾರ ಕಳೆದ ಮೇಲೆ ಶುರುವಾದ ಜ್ವರಕ್ಕೆ ಒಂದು ಆಸ್ಪತ್ರೆಯಲ್ಲಿ ಟೈಫಾಯ್ಡ್ ಅಂದರು, ಇನ್ನೊಂದರಲ್ಲಿ ವಾಯು ಅಂದರು. ನಾನು ಪಶುವೈದ್ಯ ಅನ್ನುವುದನ್ನು ಎರಡೂ ಕಡೆ ಯಾರೂ ಕೇಳಲಿಲ್ಲ. ತಮಾಷೆ ಅಂದರೆ, ನಾನೂ ಹೇಳಲಿಲ್ಲ. ಪಾಠದಲ್ಲಿ ಓದಿದ ರೋಗ ನಮ್ಮ ಮೈಗೇ ಬಂದಾಗ ಗುರುತು ಸಿಗುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ರೋಸ್ ಬೆಂಗಾಲ್ ಅಂತ ಒಂದು ಇದೆ. ಗುಲಾಬಿ ಬಣ್ಣದ ದ್ರಾವಣದ ಒಂದು ಹನಿಗೆ ರಕ್ತದ ಸೀರಂ ಬೆರೆಸಿ ನಾಲ್ಕು ನಿಮಿಷ ಅಲ್ಲಾಡಿಸುತ್ತಾರೆ. ಕಾಳುಕಾಳಾಗಿ ಒಡೆದರೆ ಅನುಮಾನ ಗಟ್ಟಿ. ಆಮೇಲೆ ಟ್ಯೂಬ್ ಪರೀಕ್ಷೆ ಅಥವಾ ಎಲೈಸಾ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ರಕ್ತವನ್ನು ಕಲ್ಚರ್‌ಗೂ ಹಾಕಬಹುದು. ಹಾಗೆ ಹಾಕುವುದಾದರೆ ಬ್ರುಸೆಲ್ಲಾ ಅನುಮಾನ ಇದೆ ಅಂತ ಲ್ಯಾಬಿನವರಿಗೆ ಮೊದಲೇ ತಿಳಿಸಲು ಡಾಕ್ಟರಿಗೆ ಹೇಳಿ. ಇದು ನಿಧಾನವಾಗಿ ಬೆಳೆಯುವ ರೋಗಾಣು, ಬೇಗ ಎಸೆದುಬಿಟ್ಟರೆ ಕಾಣಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೇ ಸುಲಭವಾಗಿ ಅಂಟುವ ರೋಗಗಳಲ್ಲಿ ಇದೂ ಒಂದು.

ಪಾಸಿಟಿವ್ ಬಂದರೆ ಗಾಬರಿ ಬೇಡ, ಔಷಧಿ ಇದೆ. ಆದರೆ ಉದ್ದ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಆರು ವಾರ, ಜತೆಗೆ ರಿಫಾಂಪಿಸಿನ್ ಆರು ವಾರ. ಇಲ್ಲವೇ ಡಾಕ್ಸಿಸೈಕ್ಲಿನ್ ಜತೆ ಮೊದಲ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಯಾವುದು, ಎಷ್ಟು ಅನ್ನುವುದು ಡಾಕ್ಟರ ತೀರ್ಮಾನ. ನೀವಾಗಿ ಮೆಡಿಕಲ್ ಶಾಪಿಗೆ ಹೋಗಿ ಕೊಳ್ಳಬೇಡಿ. ಎರಡು ಔಷಧಿ ಯಾಕೆಂದರೆ ಈ ರೋಗಾಣು ನಮ್ಮ ಜೀವಕೋಶದ ಒಳಗೇ ಮನೆ ಮಾಡಿಕೊಂಡು ಕೂರುತ್ತದೆ. ಒಂದರಿಂದ ಹೊರಗೆ ಬರುವುದಿಲ್ಲ. ಹತ್ತನೇ ದಿನಕ್ಕೆ ಜ್ವರ ಬಿಡುತ್ತದೆ, ಅಪ್ಪ "ನನಗೆ ಆರಾಮಾಯ್ತು" ಅನ್ನುತ್ತಾರೆ, ಮಾತ್ರೆ ಗೂಡಿಗೆ ಸೇರುತ್ತದೆ. ಅಲ್ಲಿಗೆ ರೋಗ ಮರುಕಳಿಸುವ ದಾರಿ ತೆರೆದ ಹಾಗೆ. ಪೂರ್ತಿ ಔಷಧಿ ತೆಗೆದುಕೊಂಡವರಲ್ಲೇ ನೂರಕ್ಕೆ ಐದರಿಂದ ಹತ್ತು ಜನರಿಗೆ ಅದು ಮತ್ತೆ ತಲೆ ಎತ್ತುತ್ತದೆ. ಅರ್ಧಕ್ಕೆ ಬಿಟ್ಟವರ ಪಾಡು ಹೇಳಬೇಕಾಗಿಲ್ಲ.

ಕುರಿಗಾರರಿಗೆ ಅಂತಲೇ ಎರಡು ಮಾತು. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವಾಗ ಬಿಸಿಲು ಮೈಗೆ ಸುಡುತ್ತದೆ, ಚರ್ಮ ಕೆಂಪಗಾಗುತ್ತದೆ. ಆರು ವಾರ ಅಪ್ಪನನ್ನು ಮಟಮಟ ಮಧ್ಯಾಹ್ನ ಮೇಯಿಸಲು ಕಳಿಸಬೇಡಿ. ಮಾತ್ರೆಯನ್ನು ಹಾಲಿನ ಜತೆ ನುಂಗಬಾರದು, ಊಟದ ಮೇಲೆ ತುಂಬಾ ನೀರಿನ ಜತೆ ನುಂಗಿ ಸ್ವಲ್ಪ ಹೊತ್ತು ಕೂತೇ ಇರಬೇಕು. ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೋಗುತ್ತಿದೆ ಅಂತ ಹೆದರಿ ಔಷಧಿ ನಿಲ್ಲಿಸಿದವರನ್ನು ನೋಡಿದ್ದೇನೆ.

ಔಷಧಿ ಇಲ್ಲದೆ ಬಿಟ್ಟರೆ? ಸಾಯುವವರು ಕಡಿಮೆ, ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಹಾಗೆ ಸತ್ತವರಲ್ಲಿ ಹೆಚ್ಚಿನವರಿಗೆ ರೋಗ ಹೃದಯದ ಕವಾಟಕ್ಕೆ ತಗುಲಿರುತ್ತದೆ. ಆದರೆ ಸಾಯದೆ ನರಳುವುದೂ ಸಣ್ಣದಲ್ಲ. ಸೊಂಟ ಹಿಡಿದುಕೊಂಡು ವರ್ಷಗಟ್ಟಲೆ ಬಗ್ಗಲಾಗದವರು, ಬೀಜ ಊದಿಕೊಂಡು ನಾಚಿಕೆಗೆ ಯಾರಿಗೂ ಹೇಳದೆ ಕೂತ ಗಂಡಸರು, ಏನೂ ಮಾಡಲಾಗದ ಸುಸ್ತಿನಿಂದ ಮಂಕಾಗಿ "ಇವನಿಗೆ ಮೈಗಳ್ಳತನ" ಅನ್ನಿಸಿಕೊಂಡವರು. ಅಪರೂಪಕ್ಕೆ ಮಿದುಳಿಗೂ ಹತ್ತುತ್ತದೆ.

ಈಗ ನಿಮ್ಮ ಹೆಂಡತಿ. ಬಸುರಿಗೆ ಈ ರೋಗ ತಗುಲಿದರೆ ಗರ್ಭಪಾತದ ಅಪಾಯ ನಿಜವಾಗಿಯೂ ಇದೆ. ಅವರಿಗೆ ಜ್ವರ ಇಲ್ಲದಿದ್ದರೂ ತಪಾಸಣೆಗೆ ಹೋದಾಗ ಮನೆಯ ಸಂಗತಿ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರಿಗೆ ಮತ್ತು ಸಣ್ಣ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಬೇರೆ ಔಷಧಿ ಜೋಡಿಸುತ್ತಾರೆ. ಆದ್ದರಿಂದ ಅಪ್ಪನ ಮಾತ್ರೆಯಲ್ಲೇ ಒಂದೆರಡು ಇವರಿಗೂ ಅನ್ನುವ ಯೋಚನೆ ಬೇಡ. ಹಿಂಡಿನ ಗಲಾಟೆ ಮುಗಿಯುವ ತನಕ ಅವರು ಹಾಲು ಕರೆಯುವುದು, ದೊಡ್ಡಿ ಗುಡಿಸುವುದು, ಈಯುವ ಕುರಿ ನೋಡಿಕೊಳ್ಳುವುದು ಯಾವುದನ್ನೂ ಮಾಡಬಾರದು. ಕುರಿಯ ಬೇರೆ ಗರ್ಭಪಾತ ರೋಗಗಳೂ ಬಸುರಿಯರಿಗೆ ಕೆಟ್ಟವೇ. ಹಾಗಾಗಿ ಪರೀಕ್ಷೆಯಲ್ಲಿ ಬ್ರುಸೆಲ್ಲಾ ಅಲ್ಲ ಅಂತ ಬಂದರೂ ಈ ಮಾತು ಬದಲಾಗುವುದಿಲ್ಲ.

ರೋಗಾಣುವಿನ ಪರಿಚಯ ಸ್ವಲ್ಪ ಮಾಡಿಕೊಡುತ್ತೇನೆ. ಬ್ರುಸೆಲ್ಲಾದಲ್ಲಿ ಹಲವು ಬಗೆ ಇವೆ. ಹಸು ಎಮ್ಮೆಗೆ ಬರುವುದು ಹೆಚ್ಚಾಗಿ ಅಬಾರ್ಟಸ್, ಹಂದಿಗೆ ಸುಯಿಸ್. ಕುರಿ ಆಡಿಗೆ ಬರುವುದು ಮೆಲಿಟೆನ್ಸಿಸ್. ಮನುಷ್ಯರಿಗೆ ಇವೆಲ್ಲದರಲ್ಲಿ ಹೆಚ್ಚು ತೊಂದರೆ ಕೊಡುವುದು ಈ ಮೆಲಿಟೆನ್ಸಿಸ್ಸೇ. ಓವಿಸ್ ಅಂತ ಇನ್ನೊಂದಿದೆ. ಅದು ಟಗರಿನ ಬೀಜಕ್ಕೆ ಬರುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ.

ಮೆಲಿಟೆನ್ಸಿಸ್ ಅನ್ನುವ ಹೆಸರು ಬಂದದ್ದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಿಂದ. ಆ ಕಥೆ ನಿಮ್ಮ ಮನೆಯ ಕಥೆಗೆ ಎಷ್ಟು ಹತ್ತಿರ ಇದೆ ನೋಡಿ. ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ವರ್ಷವರ್ಷವೂ ಬಿಡದ ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ ಸತ್ತ ಸೈನಿಕರ ಗುಲ್ಮದಿಂದ ಈ ರೋಗಾಣುವನ್ನು ಬೇರ್ಪಡಿಸಿದ. ರೋಗಾಣು ಸಿಕ್ಕಿತು, ಅದು ಎಲ್ಲಿಂದ ಬರುತ್ತದೆ ಅನ್ನುವುದು ಸಿಗಲಿಲ್ಲ. ಕೆಟ್ಟ ಗಾಳಿ ಅಂದರು, ಚರಂಡಿ ಅಂದರು. ಹೀಗೆ 18 ವರ್ಷ ಹೋಯಿತು. ಅಷ್ಟೂ ದಿನ ಆಡಿನ ಹಿಂಡು ಬೀದಿಬೀದಿ ಸುತ್ತಿ ಮನೆ ಬಾಗಿಲಲ್ಲೇ ಹಾಲು ಕರೆದು ಕೊಡುತ್ತಿತ್ತು. ಆಡುಗಳು ಗುಂಡುಕಲ್ಲಿನ ಹಾಗಿದ್ದವು, ಯಾರಿಗೂ ಅನುಮಾನ ಬರಲಿಲ್ಲ. 1905ರಲ್ಲಿ ಥೆಮಿಸ್ಟೋಕ್ಲಿಸ್ ಜಮ್ಮಿತ್ ಅನ್ನುವ ಅಲ್ಲಿನದೇ ವೈದ್ಯ ಆಡುಗಳ ರಕ್ತ ಪರೀಕ್ಷೆ ಮಾಡಿ ನೋಡಿದರೆ ಅವುಗಳಲ್ಲೇ ರೋಗ. ದ್ವೀಪದ ಹೆಚ್ಚುಕಡಿಮೆ ಅರ್ಧದಷ್ಟು ಆಡುಗಳ ರಕ್ತದಲ್ಲಿ ಸೋಂಕಿನ ಗುರುತು ಇತ್ತು. ಹತ್ತಕ್ಕೆ ಒಂದು ಆಡು ಹಾಲಿನಲ್ಲಿ ರೋಗಾಣು ಬಿಡುತ್ತಿತ್ತು. 1906ರಲ್ಲಿ ಸೈನಿಕರಿಗೆ ಆಡಿನ ಹಸಿ ಹಾಲು ನಿಲ್ಲಿಸಿದರು. ಜ್ವರ ಇಳಿದುಹೋಯಿತು. ಊರಿನ ಜನ ಹಾಲು ಕುಡಿಯುವುದು ನಿಲ್ಲಿಸಲಿಲ್ಲ, ಅವರಿಗೆ ಬರುತ್ತಲೇ ಇತ್ತು.

ನೋಡಲು ಆರೋಗ್ಯವಾಗಿರುವ ಪ್ರಾಣಿ ರೋಗ ಹಂಚುತ್ತದೆ. ಇದೇ ನಿಮ್ಮ ಹಿಂಡಿನಲ್ಲೂ ನಡೆದಿರುವುದು. ನಿಮ್ಮ 11 ಕುರಿಗಳು ಮುಂದಿನ ಸಲ ಬಹುಶಃ ಕಂದು ಹಾಕುವುದಿಲ್ಲ. ಗಬ್ಬ ನಿಲ್ಲುತ್ತದೆ, ಐದು ತಿಂಗಳು ತುಂಬುತ್ತದೆ, ಮರಿ ಹುಟ್ಟುತ್ತದೆ. "ಸರಿಹೋಯ್ತು" ಅಂತ ನೀವು ನಿಟ್ಟುಸಿರು ಬಿಡುತ್ತೀರಿ. ಆದರೆ ಆ ಈಯುವ ನೀರಿನಲ್ಲಿ, ಮಾಸಿನಲ್ಲಿ, ಹಾಲಿನಲ್ಲಿ ರೋಗಾಣು ಬರುತ್ತಲೇ ಇರಬಹುದು. ಹುಟ್ಟಿದ ಹೆಣ್ಣು ಮರಿಗಳಲ್ಲಿ ಕೆಲವು ರೋಗವನ್ನು ಒಳಗೇ ಇಟ್ಟುಕೊಂಡು ಬೆಳೆಯುತ್ತವೆ. ಪರೀಕ್ಷೆಯಲ್ಲೂ ಸಿಕ್ಕದೆ ತಾವು ಮೊದಲ ಸಲ ಈಯುವಾಗ ಹೊರಗೆ ಹಾಕುತ್ತವೆ. ಕಂದು ಹಾಕುವುದು ನಿಂತಿತು ಅಂದರೆ ರೋಗ ಹೋಯಿತು ಅಂತಲ್ಲ. ಹಿಂಡಿನಲ್ಲಿ ಹಳೆಯದಾಯಿತು ಅಂತ ಅಷ್ಟೆ.

ಒಂದು ಎಚ್ಚರಿಕೆಯ ಮಾತು. ಇಷ್ಟೆಲ್ಲ ಹೇಳಿದರೂ ನಿಮ್ಮ ಕುರಿಗೆ ಬಂದಿರುವುದು ಕಂದು ರೋಗವೇ ಅಂತ ನಾನು ಇಲ್ಲಿ ಕೂತು ಆಣೆ ಮಾಡಲಾರೆ. ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ, ಕ್ಯೂ ಜ್ವರ, ಸಾಲ್ಮೊನೆಲ್ಲಾ ಎಲ್ಲವೂ ಕುರಿಯ ಗಬ್ಬ ಕೆಡಿಸುತ್ತವೆ. ಪಿಪಿಆರ್ ಅನ್ನುವ ಕುರಿ ಆಡುಗಳ ವೈರಸ್ ರೋಗ ಬಂದ ಹಿಂಡಿನಲ್ಲೂ ಗಬ್ಬ ಬೀಳುತ್ತವೆ, ಆದರೆ ಆಗ ಮೂಗು ಸೋರುವುದು, ಬಾಯಿ ಹುಣ್ಣು, ಭೇದಿ ನಿಮಗೇ ಕಾಣುತ್ತಿತ್ತು. ಹೊಸ ಕುರಿ ಬಂದ ಮೇಲೆ ಶುರುವಾದದ್ದು, ತಿಂಗಳು ತುಂಬುತ್ತಾ ಬಂದಾಗ ಬಿದ್ದದ್ದು, ಮಾಸು ತೆಗೆದವರಿಗೇ ಜ್ವರ ಬಂದದ್ದು, ಈ ಮೂರೂ ಸೇರಿದ್ದರಿಂದ ನನ್ನ ಬೆರಳು ಬ್ರುಸೆಲ್ಲಾ ಕಡೆ ಹೋಗುತ್ತಿದೆ. ಖಚಿತ ಮಾಡುವುದು ಲ್ಯಾಬಿನ ಕೆಲಸ.

ಅದಕ್ಕೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಪಶು ಆಸ್ಪತ್ರೆಗೆ ಹೋಗಿ. ಇಡೀ ಹಿಂಡಿನ ರಕ್ತ ತೆಗೆಯಬೇಕು, ಕಂದು ಹಾಕಿದ 11ರದು ಮಾತ್ರ ಸಾಲದು. ಸಂತೆಯಿಂದ ತಂದ ಟಗರು, ಆಡು, ಎಮ್ಮೆ, ಎಲ್ಲವೂ. ಕುರಿಗೆ ರೋಸ್ ಬೆಂಗಾಲ್ ಮಾಡುವಾಗ ಒಂದು ಪಾಲು ದ್ರಾವಣಕ್ಕೆ ಮೂರು ಪಾಲು ಸೀರಂ ಹಾಕಿದರೆ ರೋಗ ತಪ್ಪಿಸಿಕೊಳ್ಳುವುದು ಕಡಿಮೆ. ದನಕ್ಕೆ ಮಾಡುವಂತೆ ಸಮಸಮ ಹಾಕಿದರೆ ಕೆಲವು ಜಾರಿಹೋಗುತ್ತವೆ. ಇದು ನಿಮಗಲ್ಲ, ಇದನ್ನು ಓದುತ್ತಿರುವ ಕಿರಿಯ ಪಶುವೈದ್ಯರಿಗೆ. ಮತ್ತೊಂದು ಕುರಿ ಕಂದು ಹಾಕಿದರೆ ಆ ಸತ್ತ ಮರಿ ಬಹಳ ಬೆಲೆಯ ಸ್ಯಾಂಪಲ್. ಅದರ ಹೊಟ್ಟೆಯೊಳಗಿನ ದ್ರವದಲ್ಲಿ ರೋಗಾಣು ಸಿಗುವ ಅವಕಾಶ ಹೆಚ್ಚು. ನೀವು ಕೊಯ್ಯಲು ಹೋಗಬೇಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಜತೆ ಬೇರೆ ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಒಪ್ಪಿಸಿ. ಮನೆಯ ಫ್ರಿಜ್‌ನಲ್ಲಿ ಹಾಲಿನ ಪಕ್ಕ ಇಡುವುದಂತೂ ಬೇಡವೇ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿ ಸರ್ಕಾರದ ಪಶು ಆರೋಗ್ಯ ಸಂಸ್ಥೆ ಇದೆ, ಯಲಹಂಕದಲ್ಲಿ ನಿವೇದಿ ಅನ್ನುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಬ್ರುಸೆಲ್ಲಾ ಪತ್ತೆಯ ಕೆಲಸದಲ್ಲಿ ನಿವೇದಿಗೆ ಒಳ್ಳೆಯ ಅನುಭವ ಇದೆ. ಸ್ಯಾಂಪಲ್ ಎಲ್ಲಿಗೆ ಕಳಿಸಬೇಕು ಅನ್ನುವುದು ನಿಮ್ಮ ಪಶುವೈದ್ಯರಿಗೆ ಗೊತ್ತಿರುತ್ತದೆ. ಮೊದಲ ಸಲ ನೆಗೆಟಿವ್ ಬಂದ ಕುರಿಗಳಿಗೆ ಒಂದೆರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಆಗಬೇಕು.

ಕಂದು ಹಾಕಿದ ಕುರಿಗೆ ಟೆಟ್ರಾಸೈಕ್ಲಿನ್ ಇಂಜೆಕ್ಷನ್ ಹಾಕಿಸಿದರೆ ಆಗದೇ ಅಂತ ಕೇಳುವವರಿದ್ದಾರೆ. ಬೇಡ. ರೋಗ ವಾಸಿಯಾಗುವುದಿಲ್ಲ, ಕುರಿ ರೋಗ ಹಂಚುವುದು ನಿಲ್ಲುವುದಿಲ್ಲ, ದುಡ್ಡು ಹೋಗುತ್ತದೆ. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಿಯನ್ನು ಸುಮ್ನೆ ಹಾಳು ಮಾಡಿದ ಹಾಗೂ ಆಗುತ್ತದೆ.

ಈಗ ಮಾರುವ ವಿಚಾರ. ಇದರ ಬಗ್ಗೆ ಸ್ವಲ್ಪ ಕಟುವಾಗಿ ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಗೆ ಈ ರೋಗ ಹೇಗೆ ಬಂತು? ಎಲ್ಲೋ ಒಬ್ಬರ ಹಿಂಡಿನಲ್ಲಿ ಕುರಿ ಕಂದು ಹಾಕಿರಬೇಕು. ಅವರಿಗೂ ಯಾರೋ "ಮಾರಿಬಿಡಿ" ಅಂದಿರಬೇಕು. ಅವರು ಸಂತೆಗೆ ಹೊಡೆದರು, ನೀವು ಕೊಂಡಿರಿ. ಈಗ ನೀವು ಮಾರಿದರೆ ಮುಂದಿನ ದೀಪಾವಳಿಗೆ ಇನ್ನೊಂದು ಹಳ್ಳಿಯಿಂದ ಇದೇ ಪ್ರಶ್ನೆ ನನಗೆ ಬರುತ್ತದೆ. ಅಮೀನಗಡ, ಕೆರೂರು, ಶಿರಾದಂಥ ದೊಡ್ಡ ಕುರಿ ಸಂತೆಗಳಲ್ಲಿ ಹತ್ತು ಊರಿನ ಕುರಿ ಒಂದೇ ಕಡೆ ನಿಲ್ಲುತ್ತವೆ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ, ತೆಲಂಗಾಣ ಆಂಧ್ರ ಬಿಟ್ಟರೆ ನಾವೇ. ಇವುಗಳಲ್ಲಿ ಎಷ್ಟೋ ಕುರಿ ವರ್ಷದಲ್ಲಿ ಕೆಲವು ತಿಂಗಳು ನಡೆಯುತ್ತಲೇ ಇರುತ್ತವೆ. ಒಂದು ಹೊಲದಲ್ಲಿ ಗೊಬ್ಬರಕ್ಕೆ ಅಂತ ರಾತ್ರಿ ಮಂದೆ ಕೂರಿಸುತ್ತಾರೆ, ಅಲ್ಲೊಂದು ಕುರಿ ಕಂದು ಹಾಕುತ್ತದೆ. ಬೆಳಿಗ್ಗೆ ಮಂದೆ ಮುಂದಕ್ಕೆ, ಮಾಸು ಅಲ್ಲೇ. ನಾಯಿ ಎಳೆದುಕೊಂಡು ಊರೊಳಗೆ ಬರುತ್ತದೆ. ಚಳಿ, ನೆರಳು, ಹಸಿ ಇರುವ ಕಡೆ ಈ ರೋಗಾಣು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಪುಣ್ಯಕ್ಕೆ ಬಯಲುಸೀಮೆಯ ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ.

ಸಂತೆಯದು ಒಂದೇ ಅಲ್ಲ. ಒಳ್ಳೆ ಟಗರು ಇದ್ದರೆ ನಾಲ್ಕು ಮನೆಯವರು ಎರವಲು ಒಯ್ಯುತ್ತಾರೆ. ಕುರಿಯನ್ನು ಪಾಲಿಗೆ ಕೊಡುತ್ತಾರೆ, ಪಾಲು ಮುಗಿದ ಮೇಲೆ ಮರಿಗಳ ಜತೆ ರೋಗವೂ ವಾಪಸ್ ಬರುತ್ತದೆ. ಸಹಾಯಧನ ಬಂತು ಅಂತ ಅವಸರಕ್ಕೆ ಮೂರು ಕಡೆಯಿಂದ ಹತ್ತು ಕುರಿ ಕೂಡಿಸಿ ದೊಡ್ಡಿ ತುಂಬುವವರೂ ಇದ್ದಾರೆ. ಮುಂದೆ ಯಾವತ್ತೇ ಕುರಿ ತಂದರೂ ಒಂದು ತಿಂಗಳು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಹಿಂಡಿಗೆ ಬಿಡಿ. ಗಬ್ಬದ ಕುರಿ ಕೊಂಡರೆ ಅದು ಈಯುವ ತನಕ ಬೇರೆಯೇ ಇರಲಿ. ಗಬ್ಬದ ಕುರಿ ಕೊಂಡರೆ ಒಂದಕ್ಕೆ ಎರಡು ಸಿಕ್ಕಿತು ಅನ್ನುವ ಲೆಕ್ಕ ಈ ರೋಗದ ವಿಷಯದಲ್ಲಿ ತಲೆಕೆಳಗಾಗುತ್ತದೆ.

ಹಾಗಾದರೆ ಪಾಸಿಟಿವ್ ಬಂದ ಕುರಿಗಳನ್ನು ಏನು ಮಾಡುವುದು? ಪುಸ್ತಕದ ಉತ್ತರ ಸುಲಭ: ಪಾಸಿಟಿವ್ ಕುರಿಗಳನ್ನು ಹಿಂಡಿನಿಂದ ತೆಗೆಯಬೇಕು, ಸಾಕುವವರಿಗೆ ಕೊಡಬಾರದು. ಆದರೆ ತೆಗೆದರೆ ಹೊಟ್ಟೆಗೇನು? ಕುರಿ ಸತ್ತರೆ ರಾಜ್ಯದ ಅನುಗ್ರಹ ಯೋಜನೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಕಂದು ಹಾಕಿದ್ದಕ್ಕೆ, ಪಾಸಿಟಿವ್ ಬಂದದ್ದಕ್ಕೆ ಹಾಗೆ ಕೈಹಿಡಿಯುವ ವ್ಯವಸ್ಥೆ ಇಲ್ಲ. ಪರಿಹಾರ ಇಲ್ಲದೆ ಕುರಿಗಾರ ತನ್ನ ಹಿಂಡನ್ನು ತಾನೇ ಕಡಿಮೆ ಮಾಡಿಕೊಳ್ಳಬೇಕು ಅಂತ ಕೇಳುವುದು ನನಗೂ ನ್ಯಾಯ ಅನಿಸುವುದಿಲ್ಲ. ಪ್ರಾಣಿಗಳ ಅಂಟುರೋಗ ತಡೆಗೆ 2009ರ ಕಾಯ್ದೆ ಇದೆ, ಅದರ ಪಟ್ಟಿಯಲ್ಲಿ ಈ ರೋಗವೂ ಇದೆ, ಮಾಲೀಕರು ತಿಳಿಸಬೇಕು ಅಂತಲೂ ಇದೆ. ಆದರೆ ತಿಳಿಸಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಸಂತೆಯ ದುಡ್ಡು ಅಂತಾದರೆ ಯಾರು ತಿಳಿಸುತ್ತಾರೆ?

ಆದ್ದರಿಂದ ಮಾಡಬಹುದಾದ್ದು ಹೇಳುತ್ತೇನೆ. ಪಾಸಿಟಿವ್ ಕುರಿಗಳನ್ನು ಬೇರೆ ದೊಡ್ಡಿಯಲ್ಲಿಡಿ. ಟಗರು ಪಾಸಿಟಿವ್ ಆಗಿದ್ದರೆ ಅದು ಮೊದಲು ಹೋಗಲಿ. ಕಂದು ಹಾಕಿದ ಕುರಿಯ ಯೋನಿ ಸ್ರಾವದಲ್ಲಿ ಸುಮಾರು ಮೂರು ವಾರ ರೋಗಾಣು ಬರುತ್ತದೆ, ಆಡಿನಲ್ಲಾದರೆ ಎರಡು ಮೂರು ತಿಂಗಳು. ಆ ಅವಧಿ ಕಳೆದ ಮೇಲೆ, ಪಶುವೈದ್ಯರಿಗೆ ತಿಳಿಸಿ, ನೇರವಾಗಿ ಮಾಂಸಕ್ಕೆ ಕೊಡಿ. ಕಡಿಯುವವರಿಗೆ ಸಂಗತಿ ಹೇಳಿಯೇ ಕೊಡಿ, ಗರ್ಭಕೋಶ, ಕೆಚ್ಚಲು, ಗುಲ್ಮ ಮುಟ್ಟುವಾಗ ಅವರು ಕೈಗವಸು ಹಾಕಿಕೊಳ್ಳಲಿ. ಚೆನ್ನಾಗಿ ಬೇಯಿಸಿದ ಮಾಂಸದಿಂದ ರೋಗ ಬರುವುದಿಲ್ಲ. ಅಪಾಯ ಇರುವುದು ಕಡಿಯುವ, ತೊಳೆಯುವ ಹೊತ್ತಿನಲ್ಲಿ.

ಮುಂದಿನ ಸಲ ಕುರಿ ಕಂದು ಹಾಕಿದಾಗ, ಅಥವಾ ಸುಮ್ನೆ ಈದಾಗಲೂ, ಬರಿಗೈ ಬೇಡ. ಕೈಗವಸು ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಕಟ್ಟಿಕೊಳ್ಳಿ. ಮೂಗು ಬಾಯಿಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು. ಸತ್ತ ಮರಿಯ ಬಾಯಿಗೆ ಬಾಯಿಟ್ಟು ಊದುವ ಅಭ್ಯಾಸ ಕೆಲವು ಹಿರಿಯರಿಗಿದೆ, ಅದನ್ನು ಬಿಡಿಸಿ. ಮಾಸು, ಮರಿ, ಒದ್ದೆಯಾದ ಮಣ್ಣು, ಹುಲ್ಲು ಎಲ್ಲವನ್ನೂ ಮೂರು ನಾಲ್ಕು ಅಡಿ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ, ಮೇಲೆ ಮುಳ್ಳು ಕಂಟಿ ಹಾಕಿ, ನಾಯಿ ಕೆದಕಬಾರದು. ಹಳ್ಳಕ್ಕೆ ಎಸೆದದ್ದು ಆಗಿಹೋಯಿತು, ಇನ್ನು ಬೇಡ. ಆ ನೀರನ್ನು ಕೆಳಗಿನವರ ದನಕರು ಕುಡಿಯುತ್ತವೆ. ಜಾಗಕ್ಕೆ ಬ್ಲೀಚಿಂಗ್ ಪೌಡರ್ ನೀರು ಅಥವಾ ಫಿನಾಯಿಲ್ ಹಾಕಿ. ದೊಡ್ಡಿಯನ್ನು ಒಣಗಿದ ಮೇಲೆ ಗುಡಿಸಬೇಡಿ, ನೀರು ಚಿಮುಕಿಸಿ ಗುಡಿಸಿ. ಧೂಳಿನ ಜತೆ ಹತ್ತಿಪ್ಪತ್ತು ರೋಗಾಣು ಉಸಿರಿಗೆ ಹೋದರೂ ಸಾಕು. ಗಾಳಿಯಲ್ಲಿ ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಚೀನಾದ ಲಾನ್‌ಝೌ ನಗರ ಸಾಕ್ಷಿ. 2019ರ ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಒಂದು ಪಶು ಲಸಿಕೆ ಕಾರ್ಖಾನೆಯಲ್ಲಿ ಅವಧಿ ಮುಗಿದ ಸೋಂಕುನಾಶಕ ಬಳಸಿದರು. ಹೊಗೆಗೊಳವೆಯಿಂದ ಜೀವಂತ ಬ್ರುಸೆಲ್ಲಾ ಹೊರಗೆ ಹೋಯಿತು. ಅಲ್ಲಿನ ಜನ, 10,000ಕ್ಕೂ ಹೆಚ್ಚು ಮಂದಿ, ಪರೀಕ್ಷೆಯಲ್ಲಿ ಪಾಸಿಟಿವ್ ಬಂದರು.

ಹಾಲು ಕುದಿಸಿ. ಉಕ್ಕಿ ಬಂದ ಮೇಲೂ ಎರಡು ನಿಮಿಷ ಬಿಡಿ. ಕುದಿಸಿದ ಹಾಲಿನ ಮೊಸರು, ಮಜ್ಜಿಗೆ, ಬೆಣ್ಣೆ ಎಲ್ಲ ಸರಿ, ಬೇಯಿಸಿದ ಗಿಣ್ಣೂ ಸರಿ. ತೊಂದರೆ ಇರುವುದು ಕೆಚ್ಚಲಿನಿಂದ ನೇರ ಬಾಯಿಗೆ ಹಿಂಡಿಕೊಳ್ಳುವುದರಲ್ಲಿ, ಮಕ್ಕಳಿಗೆ ಶಕ್ತಿ ಬರುತ್ತದೆ ಅಂತ ನೊರೆ ಹಾಲು ಕುಡಿಸುವುದರಲ್ಲಿ. ಇತ್ತೀಚೆಗೆ ಪಟ್ಟಣಗಳಲ್ಲಿ ಇನ್ನೊಂದು ಶುರುವಾಗಿದೆ. ಡೆಂಗಿ ಬಂತು ಅಂದರೆ ಪ್ಲೇಟ್‌ಲೆಟ್ ಏರುತ್ತದೆ ಅಂತ ಆಡಿನ ಹಾಲು ಹುಡುಕಿಕೊಂಡು ಓಡುತ್ತಾರೆ, ಅದೂ ಹಸಿಯಾಗಿಯೇ ಕುಡಿಯಬೇಕಂತೆ. ಆಡಿನ ಹಾಲಿನಿಂದ ಡೆಂಗಿ ವಾಸಿಯಾಗುವುದಕ್ಕೆ ಆಧಾರ ಇಲ್ಲ. ಒಂದು ಜ್ವರಕ್ಕೆ ಇನ್ನೊಂದು ಜ್ವರ ಕುಡಿದ ಹಾಗಾಗುತ್ತದೆ, ಅಲ್ವಾ?

ಲಸಿಕೆ ಇಲ್ಲವೇ ಅಂತ ನೀವು ಮುಂದೆ ಕೇಳುತ್ತೀರಿ. ಇದೆ. ರೆವ್-1 ಅಂತ, 1950ರ ದಶಕದಿಂದ ಇದೆ. ಮೂರರಿಂದ ಆರು ತಿಂಗಳ ಮರಿಗಳ ಕಣ್ಣಿಗೆ ಒಂದು ಹನಿ ಬಿಡುತ್ತಾರೆ. ಮೆಡಿಟರೇನಿಯನ್ ಸುತ್ತಲಿನ ದೇಶಗಳು ಕುರಿಯ ಬ್ರುಸೆಲ್ಲೋಸಿಸ್ ತಗ್ಗಿಸಿದ್ದು ಹೆಚ್ಚಾಗಿ ಇದರಿಂದಲೇ. ಮಂಗೋಲಿಯಾದಲ್ಲೂ ಕುರಿ ಆಡುಗಳಿಗೆ ದೊಡ್ಡ ಪ್ರಮಾಣದಲ್ಲಿ ಹಾಕಿದ್ದಾರೆ. ಆದರೆ ಇದು ಜೀವಂತ ಲಸಿಕೆ. ಗಬ್ಬದ ಕುರಿಗೆ ಹಾಕಿದರೆ ಅದೇ ಕಂದು ಹಾಕಿಸಬಹುದು. ಇಂಜೆಕ್ಷನ್ ಆಗಿ ಕೊಡುವಾಗ ಹಾಕುವವನ ಕೈಗೆ ಸೂಜಿ ಚುಚ್ಚಿದರೆ ಅವನಿಗೆ ರೋಗ ಬರಬಹುದು, ಆ ತಳಿಗೆ ಸ್ಟ್ರೆಪ್ಟೊಮೈಸಿನ್ ನಾಟುವುದೂ ಇಲ್ಲ. ನಮ್ಮ ದೇಶದಲ್ಲಿ 2019ರಲ್ಲಿ ಕಾಲುಬಾಯಿ ಜ್ವರ ಮತ್ತು ಕಂದು ರೋಗಕ್ಕೆ ಅಂತ ದೊಡ್ಡ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಕಂದು ರೋಗದ ಲಸಿಕೆ ಇರುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಹಸು ಮತ್ತು ಎಮ್ಮೆಯದು ಮಾತ್ರ. ಕುರಿ ಆ ಸಾಲಿನಲ್ಲಿ ಇಲ್ಲ. ಹಾಲಿನ ಡೇರಿಗೆ ಹೋಗುವ ಪ್ರಾಣಿಯ ಲೆಕ್ಕ ಇಟ್ಟಷ್ಟು ಶ್ರದ್ಧೆಯಿಂದ ನಡೆಯುವ ಪ್ರಾಣಿಯ ಲೆಕ್ಕ ನಾವು ಇಡುವುದಿಲ್ಲ. ನಿಮ್ಮ ಮನೆಯಲ್ಲಿ ಎಮ್ಮೆ ಕರು ಇದ್ದರೆ ಅದಕ್ಕಂತೂ ತಪ್ಪದೆ ಹಾಕಿಸಿ. ಗಂಡು ಕರುವಿಗೆ, ಗಬ್ಬದ ಎಮ್ಮೆಗೆ ಬೇಡ.

ಕೊನೆಗೆ ತಟ್ಟೆ ಲೋಟದ ವಿಚಾರ. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದು ಬಲು ಅಪರೂಪ. ಎದೆಹಾಲು, ರಕ್ತ ಕೊಡುವುದು, ಗಂಡ ಹೆಂಡತಿ ಸಂಬಂಧ, ಹೀಗೆ ಅಲ್ಲೊಂದು ಇಲ್ಲೊಂದು ಪ್ರಕರಣ ಬಿಟ್ಟರೆ ಇಲ್ಲ. ಒಟ್ಟಿಗೆ ಉಣ್ಣುವುದರಿಂದ, ಪಕ್ಕ ಮಲಗುವುದರಿಂದ, ಅಪ್ಪ ಕುಡಿದ ಲೋಟದಲ್ಲಿ ಕುಡಿಯುವುದರಿಂದ ಬರುವುದಿಲ್ಲ. ಅವರು ರಕ್ತ ಕೊಡದಿದ್ದರೆ ಸಾಕು. ನಿಮ್ಮ ಮನೆಯಲ್ಲಿ ಮತ್ತೆ ಯಾರಿಗಾದರೂ ಜ್ವರ ಬಂದರೆ ಅದು ಅಪ್ಪನಿಂದಲ್ಲ, ಅಪ್ಪನಿಗೆ ಎಲ್ಲಿಂದ ಬಂತೋ ಅಲ್ಲಿಂದಲೇ. ಬೇರೆ ಇಡಬೇಕಾದದ್ದು ಕುರಿಗಳನ್ನು. ತಟ್ಟೆ ಲೋಟವನ್ನು ಇವತ್ತೇ ಒಳಗೆ ತಂದು ಎಲ್ಲರದರ ಜತೆ ಸೇರಿಸಿ. ಹಿಂಡಿನ ರಕ್ತದ ಫಲಿತಾಂಶ ಬಂದ ಮೇಲೆ, ಎಷ್ಟು ಕುರಿ, ಎಷ್ಟು ಆಡು, ಟಗರಿನದು ಏನು ಅಂತ ಬರೆದು ಕಳಿಸಿ. ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು ಅಂತ ಆಗ ಲೆಕ್ಕ ಹಾಕೋಣ.